ಟೈಲರಮ್ಮನ ಕೆಮ್ಮು

9 ಜನವರಿ

ಅಪ್ಪನಿಗೆ,

ನೀವು ಕಳಿಸಿದ ಪ್ರಾರ್ಥನೆಯ ಪುಸ್ತಕ ತಲುಪಿತು. ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ಮೊದಲ ಪುಟದಲ್ಲಿ ‘ದಾರಿ ತಪ್ಪಿದ ಮಗಳಿಗೆ’ ಎಂದು ಬರೆದಿದ್ದೀರಿ. ನಾನು ದಾರಿ ತಪ್ಪಿಲ್ಲ. ಬಸ್ ನಿಲ್ದಾಣದ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಜುಲೈನಲ್ಲಿ ಅದೇ ದಾರಿ ಹಿಡಿದು ಬಂದೆ.

ಫೋನಿನಲ್ಲಿ ಇಬ್ಬರೂ ಕಿರುಚುತ್ತೇವೆ, ಮಧ್ಯೆ ಅಮ್ಮ ಅಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮನೆ ಬಿಡುವ ಮುಂಚಿನ ಆ ಭಾನುವಾರ ನಿಮ್ಮ ಪ್ರಾರ್ಥನಾ ಸಭೆಯಲ್ಲಿ ನಡೆದದ್ದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ಟೈಲರಮ್ಮ ಒಂದು ತಿಂಗಳಿಂದ ಕೆಮ್ಮುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ನಾನು ಅವರ ಕಿವಿಯಲ್ಲಿ, “ಒಂದು ಎಕ್ಸ್‌ರೇ ತೆಗೆಸ್ಕೊಳ್ಳಿ ಆಂಟಿ, ಐದು ನಿಮಿಷದ ಕೆಲಸ” ಅಂದೆ. ಅಷ್ಟೇ. ಅಷ್ಟಕ್ಕೆ ನೀವು ನನ್ನನ್ನು ಮೂವತ್ತು ಮನೆಯವರ ಮುಂದೆ ಎದ್ದು ನಿಲ್ಲಿಸಿದಿರಿ. “ದೇಹ ಕೊಟ್ಟೋನಿಗೆ ಅದನ್ನ ರಿಪೇರಿ ಮಾಡೋಕೂ ಬರುತ್ತೆ. ಈ ಹುಡುಗಿ ನಿಮ್ಮ ನಂಬಿಕೆಗೆ ತೂತು ಕೊರೀತಿದಾಳೆ. ಕ್ಷಮೆ ಕೇಳು” ಅಂದಿರಿ. ವಾರವಿಡೀ ಸುಟ್ಟುಹೋದ ಮೋಟಾರುಗಳನ್ನು ಬಿಚ್ಚಿ, ಹೊಸ ತಂತಿ ಸುತ್ತಿ, ಓಡಿಸಿ ನೋಡಿ ಕಳಿಸುವ ಮನುಷ್ಯ ಆಡಿದ ಮಾತು ಇದು. ನಿಮ್ಮ ಅಂಗಡಿಗೆ ಬಂದವರಿಗೆ “ಮೋಟಾರಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ” ಎಂದು ಒಂದು ಸಲವಾದರೂ ಹೇಳಿದ್ದೀರಾ?

ನನಗೀಗ ಇಪ್ಪತ್ತಮೂರು. ನೀವು ಸಭೆಯಲ್ಲಿ ಹೇಳಿದಂತೆ ನಾನು ದೇವರಿಗೆ ಬೆನ್ನು ತಿರುಗಿಸಿ ಕುಣಿಯುತ್ತಿಲ್ಲ. ಹುಡುಕುತ್ತಿದ್ದೇನೆ. ಇಲ್ಲಿಗೆ ಬಂದ ಹೊಸದರಲ್ಲಿ ಉಸಿರಾಟದ ತರಗತಿಯೊಂದಕ್ಕೆ ಸೇರಿದೆ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ನೂರು ಜನಕ್ಕೆ “ಉಸಿರು ಎಳ್ಕೊಳ್ಳಿ, ಹಿಡೀರಿ, ಬಿಡಿ” ಎಂದು ಹೇಳಿ ಗಂಟಲು ಒಣಗಿಸಿಕೊಂಡು ಹೋದರೆ, ಅಲ್ಲಿ ನನಗೆ ಅದನ್ನೇ ಹೇಳುವವರು ಇನ್ನೊಬ್ಬರು. ಆದರೂ ಮೂರು ವಾರ ಹೋದೆ. ನಾಲ್ಕನೇ ವಾರ ಒಬ್ಬ ಹೆಂಗಸು ಗೊತ್ತಿಲ್ಲದೆ ಗುರುಗಳ ಫೋಟೋಗೆ ಬೆನ್ನು ಹಾಕಿ ಕೂತಳು ಎಂದು ಹೇಳಿಕೊಡುವವರು ಅವಳನ್ನು ಎಲ್ಲರ ಮುಂದೆ ಗದರಿದರು. ನಿಮ್ಮದೇ ದನಿ ಕೇಳಿದ ಹಾಗಾಯಿತು. ಚಾಪೆ ಸುತ್ತಿಕೊಂಡು ಬಂದುಬಿಟ್ಟೆ.

ಅಮ್ಮ ಯಾಕೆ ಫೋನಿನಲ್ಲಿ ಎರಡೇ ಮಾತಾಡಿ ಇಡುತ್ತಾಳೆ? ನೀವು ಪಕ್ಕದಲ್ಲಿ ನಿಂತಿರುತ್ತೀರಾ?

ನಿಮ್ಮ ಮಗಳು

28 ಜನವರಿ

ಮಗಳಿಗೆ,

ಪುಸ್ತಕ ಬಂತು. ಮೂಲೆ ಮಡಚಿದೆ. ದೇವರ ಮಾತಿರುವ ಪುಸ್ತಕವನ್ನು ಹಳೇ ಪೇಪರಿನಲ್ಲಿ ಸುತ್ತಿ ಕಳಿಸುವಷ್ಟು ದೊಡ್ಡವಳಾಗಿದ್ದೀಯ. ಸಂತೋಷ.

ಮೋಟಾರಿಗೆ ಜೀವವಿಲ್ಲ, ಅದಕ್ಕೆ ನನ್ನ ಕೈ ಸಾಕು. ಜೀವ ಇರುವುದನ್ನು ನನ್ನ ಕೈಗಿಂತ ದೊಡ್ಡ ಕೈಗೆ ಒಪ್ಪಿಸುತ್ತೇನೆ. ಇದು ನಿನಗೆ ಆರು ವರ್ಷದವಳಿದ್ದಾಗ ಅರ್ಥವಾಗುತ್ತಿತ್ತು. ಓದಿದ ಮೇಲೆ ಆಗುತ್ತಿಲ್ಲ.

ಟೈಲರಮ್ಮನ ಚಿಂತೆ ನಿನಗೆ ಬೇಡ. ಕೆಮ್ಮು ಎಷ್ಟೋ ಕಡಿಮೆಯಾಗಿದೆ. ಕಳೆದ ಭಾನುವಾರ ಅವರೇ ಎದ್ದು ನಿಂತು ಹಾಗೆಂದು ಎಲ್ಲರಿಗೂ ಹೇಳಿದರು. ಪ್ರತಿ ವಾರ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿರುವವನು ನಾನು.

ನೀನು ಹುಡುಕುತ್ತಿದ್ದೀಯಂತೆ. ದಾರಿ ಅಂದರೆ ಅಂಗಡಿಯಲ್ಲಿ ಕೂತು ಒಂದೊಂದೇ ಚಪ್ಪಲಿ ಹಾಕಿ ನೋಡುವುದಲ್ಲ. ಮೊದಲು ಕಚ್ಚುತ್ತದೆ. ನಡೆಯುತ್ತಾ ಹೋದರೆ ಒಗ್ಗುತ್ತದೆ.

ಅಮ್ಮ ಚೆನ್ನಾಗಿದ್ದಾಳೆ. ಈ ತಿಂಗಳು ಎರಡು ಸಲ ನಿನ್ನ ಸೋದರಮಾವನ ಮನೆಗೆ ಹೋಗಿ ಬಂದೆವು, ಅದರ ಆಯಾಸ. ಸುಮ್ಮಸುಮ್ಮನೆ ಫೋನ್ ಮಾಡಿ ಅವಳನ್ನು ಪೀಡಿಸಬೇಡ.

ಇನ್ನೊಂದು ವಿಷಯ. ಅಂಗಡಿಗೆ ಬರುವ ಗಿರಾಕಿಯೊಬ್ಬ ಕೇಳಿದ. ಅವನ ಹೆಂಡತಿಯ ರಿಪೋರ್ಟಿನಲ್ಲಿ ಎದೆಯಲ್ಲಿ ಗಂಟು ಇದೆ, ಕಂಕುಳಿನವರೆಗೂ ಹರಡಿದೆ ಎಂದು ಬರೆದಿದೆಯಂತೆ. ಹಾಗೆಂದರೆ ಎಷ್ಟು ಕೆಟ್ಟದ್ದು? ಇಂಥವರು ಬದುಕುತ್ತಾರಾ? ನೀನು ಆಸ್ಪತ್ರೆಯಲ್ಲಿ ಇರುವುದರಿಂದ ಕೇಳಿದೆ. ಅವನಿಗೆ ಬೇಗ ಹೇಳಬೇಕು.

ನಿನ್ನ ತಂದೆ

16 ಫೆಬ್ರವರಿ

ಅಪ್ಪನಿಗೆ,

ಕಚ್ಚುವ ಚಪ್ಪಲಿ ಹಾಕಿಕೊಂಡು ನಡೆದರೆ ಹುಣ್ಣಾಗುತ್ತದೆ. ಹುಣ್ಣನ್ನು ನೀವು ನಂಬಿಕೆ ಅನ್ನುತ್ತೀರಿ.

ಚಪ್ಪಲಿಯ ಮಾತು ಬಂತಲ್ಲ, ಕೇಳಿ. ಕಳೆದ ತಿಂಗಳು ಮೂರು ದಿನದ ಮೌನ ಶಿಬಿರಕ್ಕೆ ಹೋಗಿದ್ದೆ. ಬಾಗಿಲಲ್ಲೇ ಒಬ್ಬರು ನಗುನಗುತ್ತಾ, “ಚಪ್ಪಲಿ ಜೊತೆ ಸಿಟ್ಟನ್ನೂ ಹೊರಗೇ ಬಿಟ್ಟು ಬನ್ನಿ” ಅಂದರು. ಮೂರನೇ ದಿನ ಹೊರಗೆ ಬಂದು ನೋಡಿದರೆ ಚಪ್ಪಲಿಯನ್ನು ಯಾರೋ ಹೊತ್ತೊಯ್ದಿದ್ದರು. ಸಿಟ್ಟನ್ನು ಯಾರೂ ಮುಟ್ಟಿರಲಿಲ್ಲ. ಅದನ್ನೇ ಹಾಕಿಕೊಂಡು ಬರಿಗಾಲಲ್ಲಿ ರೂಮಿಗೆ ಬಂದೆ.

ಆಮೇಲೆ ದೇವರೇ ಇಲ್ಲ ಎನ್ನುವವರ ಓದುಕೂಟ. ಎರಡು ವಾರ ಚೆನ್ನಾಗಿತ್ತು, ಹೊಟ್ಟೆ ತುಂಬ ಜಗಳವಾಡಿದೆ. ಮೂರನೇ ವಾರ, ಗಂಡ ಸತ್ತು ತಿಂಗಳಾಗಿದ್ದ ಹೆಂಗಸೊಬ್ಬರು, “ಅವರು ಎಲ್ಲೋ ಇದಾರೆ ಅನ್ಸುತ್ತೆ” ಅಂದುಬಿಟ್ಟರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಿಮ್ಮ ಸಭೆಯನ್ನೇ ತಿರುಗಿಸಿ ಹೊಲಿದ ಅಂಗಿ ಅದು. ಅಲ್ಲಿಂದಲೂ ಎದ್ದೆ. ನೋಡಿ, ನನಗೆ ಎದ್ದು ಬರುವುದು ಎಷ್ಟು ಚೆನ್ನಾಗಿ ಬರುತ್ತದೆ. ಕಲಿಸಿದವರು ನೀವೇ.

ಇನ್ನು ನಿಮ್ಮ ಗಿರಾಕಿ. ಅವನಿಗೆ ಹೀಗೆ ಹೇಳಿ: ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಿಪೋರ್ಟ್ ಬರೆಸಿದ್ದೇ ಅವನ ದೊಡ್ಡ ತಪ್ಪು. ಇಬ್ಬರೂ ಭಾನುವಾರ ನಿಮ್ಮ ಸಭೆಗೆ ಬಂದು ಎದ್ದು ನಿಂತು ಕ್ಷಮೆ ಕೇಳಲಿ. ಆಮೇಲೆ ನೀವು ತಲೆಯ ಮೇಲೆ ಕೈಯಿಡಿ. ಗಂಟು ಕರಗಿದರೆ ದೇವರ ದಯೆ, ಕರಗದಿದ್ದರೆ ಅವಳ ನಂಬಿಕೆ ಸಾಲದು. ಎರಡರಲ್ಲೂ ನಿಮ್ಮದೇನೂ ತಪ್ಪಿಲ್ಲ. ಎಷ್ಟು ಸುಲಭ, ಅಲ್ಲವಾ?

ನಿಮ್ಮ ಮಗಳು

1 ಏಪ್ರಿಲ್, ಸೋಮವಾರ

ಅಪ್ಪಾ,

ಆರು ವಾರ ನಿನ್ನಿಂದ ಉತ್ತರವಿಲ್ಲ. ಯಾಕೆಂದು ಇವತ್ತು ಗೊತ್ತಾಯಿತು.

ನಮ್ಮ ಬೀದಿಯ ಮೇಷ್ಟ್ರು ಮುಂಗೈ ಮುರಿದುಕೊಂಡು ನನ್ನ ಎಕ್ಸ್‌ರೇ ಕೋಣೆಗೆ ಬಂದಿದ್ದರು. ಕೈಯನ್ನು ಪ್ಲೇಟಿನ ಮೇಲೆ ಇಡಿಸುತ್ತಿದ್ದೆ. “ನಿಮ್ಮಮ್ಮ ಈಗ ಹೇಗಿದಾರಮ್ಮ? ಅರ್ಧಕ್ಕರ್ಧ ಆಗೋಗಿದಾರೆ. ಯಾವಾಗ ನೋಡಿದ್ರೂ ತಲೆಗೆ ಬಟ್ಟೆ. ಹುಬ್ಬೂ ಇಲ್ಲ” ಅಂದರು. ಅವರ ಫಿಲ್ಮ್ ಎರಡು ಸಲ ತೆಗೆಯಬೇಕಾಯಿತು, ಮೊದಲ ಸಲ ಪ್ಲೇಟನ್ನೇ ತಿರುಗುಮುರುಗಾಗಿ ಇಟ್ಟಿದ್ದೆ.

ಮನೆಗೆ ಫೋನ್ ಮಾಡಿದರೆ ನೀನು ಎತ್ತಿ, ನನ್ನ ದನಿ ಕೇಳಿ, ಇಟ್ಟೆ.

ಅಮ್ಮನಿಗೆ ಏನಾಗಿದೆ? ಯಾವ ಎಣ್ಣೆ ಹಚ್ಚಿ, ಎಷ್ಟು ದಿನ ಉಪವಾಸ ಹಾಕಿ, ಅವಳನ್ನು ಆ ಸ್ಥಿತಿಗೆ ತಂದಿದ್ದೀಯ? ನಿನ್ನ ಸಭೆಯ ಮುಂದೆ ನಿನ್ನ ಮುಖ ಉಳಿಯಬೇಕು ಎಂದು ನನ್ನ ಅಮ್ಮ ಸಾಯಬೇಕಾ? ನೀನು ಸಭೆಯ ಹಿರಿಯನಂತೆ. ಹಿರಿಯ! ಹೆಂಡತಿ ಕಣ್ಣೆದುರು ಕರಗುತ್ತಿದ್ದರೆ ಕಣ್ಣು ಮುಚ್ಚಿ ಹಾಡು ಹೇಳುವವನು!

ಶನಿವಾರ ಬೆಳಿಗ್ಗೆ ಬರುತ್ತೇನೆ. ಬಾಗಿಲು ಹಾಕಿದ್ದರೆ ಒಡೆಯುತ್ತೇನೆ. ಅವಳನ್ನು ಹೊತ್ತುಕೊಂಡಾದರೂ ಬರುತ್ತೇನೆ.

3 ಏಪ್ರಿಲ್

ಮಗಳೇ,

ಇದನ್ನು ಬೆಳಿಗ್ಗೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಬರುವ ಮೊದಲು ಓದಿರಬೇಕು.

ಆ ಗಿರಾಕಿ ನಾನೇ.

ನವೆಂಬರ್‌ನಲ್ಲಿ ಅಮ್ಮ ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತು. ನನಗೆ ಹೇಳಲು ಹತ್ತು ದಿನ ಹೆದರಿದಳಂತೆ. ನನಗೆ ಹೆದರಿದ್ದು, ಗಂಟಿಗಲ್ಲ. ಒಂದು ವಾರ ಪ್ರಾರ್ಥಿಸಿದೆ. ಎಂಟನೇ ದಿನ ನನ್ನ ಕೈಯಲ್ಲೇ ಮುಟ್ಟಿ ನೋಡಿದೆ. ಅಲ್ಲೇ ಇತ್ತು. ಅಂಗಡಿಗೆ ಬೀಗ ಹಾಕಿ ಎರಡು ಬಸ್ ಬದಲಿಸಿ, ನಮ್ಮನ್ನು ಯಾರೂ ಗುರುತಿಸದ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಿಸೆಂಬರ್‌ನಿಂದ ಮೂರು ವಾರಕ್ಕೊಮ್ಮೆ ಡ್ರಿಪ್ ಹಾಕುತ್ತಿದ್ದಾರೆ, ಕೂದಲು ಉದುರಿದ್ದು ಅದರಿಂದ. ಐದಾಗಿದೆ, ಇನ್ನೊಂದಿದೆ, ಆಮೇಲೆ ಆಪರೇಷನ್. ಸಭೆಯವರಿಗೆ ನಿನ್ನ ಸೋದರಮಾವನ ಮನೆಗೆ ಎಂದು ಹೇಳಿ ಹೋಗುತ್ತೇವೆ. ಗಂಟು ಸಣ್ಣದಾಗುತ್ತಿದೆಯಂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಬಡಬಡ ಹೇಳಿ ಹೋಗುತ್ತಾರೆ. ಮತ್ತೆ ಕೇಳಲು ನಾಚಿಕೆ. ಅದಕ್ಕೆ ನಿನ್ನನ್ನು ಕೇಳಿದೆ. ನಿನ್ನ ಉತ್ತರವನ್ನು ಅಂಗಡಿಯಲ್ಲಿ ನಿಂತುಕೊಂಡೇ ಓದಿದೆ. ಮನೆಗೆ ಬಂದರೆ ಅಮ್ಮ, “ಏನ್ ಬರ್ದಿದಾಳೆ?” ಅಂದಳು. “ವಾಸಿ ಆಗುತ್ತೆ ಅಂತ ಬರ್ದಿದಾಳೆ” ಅಂದೆ. ಅವಳಿಗೆ ಅದೇ ಗೊತ್ತಿರಲಿ.

ನಿನಗೆ ಹೇಳದಿದ್ದದ್ದು ಯಾಕೆಂದರೆ, ಹೇಳಿದ್ದರೆ ನೀನು ಗೆದ್ದ ಹಾಗಾಗುತ್ತಿತ್ತು. ಇದಕ್ಕಿಂತ ಒಳ್ಳೆಯ ಕಾರಣ ಹುಡುಕಿದೆ, ಸಿಗಲಿಲ್ಲ.

ಈಗಲಾದರೂ ಸಿಟ್ಟು ಇಳಿಸು. ನಿನ್ನ ತಾಯಿಗೆ ಮಾಡಬೇಕಾದ್ದನ್ನು ಮಾಡುತ್ತಿದ್ದೇನೆ.

ಪತ್ರದಲ್ಲಿ ‘ನೀನು’ ಎಂದು ಬರೆದಿದ್ದೀಯ. ನಾನು ಹಿರಿಯನಾದ ದಿನ ಅಮ್ಮ ನಿನಗೆ ‘ನೀವು’ ಹೇಳಿಕೊಟ್ಟಿದ್ದಳು, ಆಗ ನಿನಗೆ ಒಂಬತ್ತು. ಅಲ್ಲಿಂದೀಚೆಗೆ ನನ್ನನ್ನು ಯಾರೂ ‘ನೀನು’ ಎಂದು ಕರೆದಿರಲಿಲ್ಲ. ನೀನು ಸಿಟ್ಟಿನಲ್ಲೇ ಕರೆದೆ, ಇರಲಿ.

ಅಪ್ಪ

15 ಏಪ್ರಿಲ್

ಅಪ್ಪಾ,

ಅಮ್ಮನ ಎದುರು ಆಡಬಾರದು ಎಂದು ಮನೆಗೆ ಬಂದಿದ್ದ ಎರಡು ದಿನವೂ ನಾಲಿಗೆ ಕಚ್ಚಿಕೊಂಡು ಇದ್ದೆ. ನೀವಿಬ್ಬರೂ ಅದನ್ನು ರಾಜಿ ಅಂದುಕೊಂಡಿರಿ ಅಂತ ಕಾಣುತ್ತದೆ. ಬಸ್ ಹತ್ತಿಸುವಾಗ ನೀನು ನನ್ನ ತಲೆ ಸವರಿದೆ.

ಫೆಬ್ರವರಿಯಲ್ಲಿ ನಾನು ಬರೆದದ್ದಕ್ಕೆ ನನಗೆ ಕ್ಷಮೆ ಇಲ್ಲ. ಅದನ್ನು ನಾನೇ ಹೊತ್ತುಕೊಳ್ಳುತ್ತೇನೆ. ನೀನು ಅಮ್ಮನಿಗೆ ಹೇಳಿದ ಸುಳ್ಳು ನನ್ನ ನಿಜಕ್ಕಿಂತ ಒಳ್ಳೆಯದಿತ್ತು.

ಆದರೆ ನನಗೆ ಈಗ ಮೊದಲಿಗಿಂತ ಹೆಚ್ಚು ಸಿಟ್ಟು ಬಂದಿದೆ. ನೀನು ಮೂರ್ಖನಾಗಿ ನಂಬಿದ್ದರೆ ಮೂರ್ಖ ಎಂದು ಬೈದು ಸುಮ್ಮನಾಗುತ್ತಿದ್ದೆ. ನಿನಗೆ ಗೊತ್ತಿತ್ತು. ಡಿಸೆಂಬರ್‌ನಿಂದ ಗೊತ್ತಿತ್ತು! ಶುಕ್ರವಾರ ನಿನ್ನ ಹೆಂಡತಿಯ ಕೈಗೆ ಡ್ರಿಪ್ ಹಾಕಿಸಿ, ಭಾನುವಾರ ಬಂದು ಟೈಲರಮ್ಮನ ತಲೆಯ ಮೇಲೆ ಕೈಯಿಟ್ಟು, “ನಂಬಿಕೆ ಬಿಡಬೇಡಿ” ಎಂದೆ. ನಿನ್ನ ಹೆಂಡತಿಗೆ ಡಾಕ್ಟರು, ಅವರಿಗೆ ದೇವರು. ಯಾಕೆ, ಅವರಿಗೆ ಎರಡು ಬಸ್ ಬದಲಿಸುವ ಗಂಡ ಇಲ್ಲವೆಂದೇ?

ನಾನು ಬಂದಿದ್ದಾಗ ಅವರನ್ನು ನೋಡಿದೆ. ಕೆಮ್ಮು ಕಡಿಮೆಯಾಗಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಕೆಮ್ಮುವುದನ್ನು ಕಲಿತಿದ್ದಾರೆ. ಅಷ್ಟೇ ನಿನ್ನ ಪವಾಡ. “ಆಸ್ಪತ್ರೆಗೆ ಬನ್ನಿ, ನಾನೇ ನೋಡ್ತೀನಿ” ಅಂದೆ. “ಹಿರಿಯರು ಒಂದು ಮಾತು ಹೇಳ್ಲಮ್ಮ, ಬರ್ತೀನಿ” ಅಂದರು. ನಿನ್ನ ಒಂದು ಮಾತಿಗೆ ಅವರ ಜೀವ ಕಾದು ಕೂತಿದೆ.

ಸಭೆಯಲ್ಲಿ ಎದ್ದು ನಿಂತು ನಿಜ ಹೇಳು.

2 ಮೇ

ಮಗಳೇ,

ಎರಡು ವಾರ ಯೋಚಿಸಿದೆ. ಆಗುವುದಿಲ್ಲ.

ನೀನು ನನ್ನನ್ನು ನೋಡುತ್ತೀಯ, ಸಭೆಯನ್ನು ನೋಡುವುದಿಲ್ಲ. ಮೊದಲ ಸಾಲಿನಲ್ಲಿ ಕೂರುವ ಲಾರಿ ಡ್ರೈವರ್ ಕುಡಿತ ಬಿಟ್ಟು ನಾಲ್ಕು ವರ್ಷ. ಅವನು ಬಿಟ್ಟದ್ದು ನನ್ನ ಮಾತು ನಂಬಿ. ಆ ಮಾತು ಸುಳ್ಳು ಎಂದರೆ ಅವನು ಸಭೆಯಿಂದ ನೇರ ಎಲ್ಲಿಗೆ ಹೋಗುತ್ತಾನೆ, ನಿನಗೆ ಗೊತ್ತಾ? ಇಂಥವರು ಎಷ್ಟು ಜನ. ಮೋಟಾರಿನಲ್ಲಿ ತಂತಿಯ ಒಂದು ಸುತ್ತು ಸಡಿಲವಾದರೆ ಇಡೀ ವೈಂಡಿಂಗ್ ಸುಟ್ಟುಹೋಗುತ್ತದೆ.

ಟೈಲರಮ್ಮನಿಗೆ ಮೆಲ್ಲಗೆ, ಬೇರೆ ರೀತಿಯಲ್ಲಿ ಹೇಳಿ ನೋಡುತ್ತೇನೆ. ಅಮ್ಮನ ಆಪರೇಷನ್ ಮುಗಿಯಲಿ.

ಅಪ್ಪ

6 ಮೇ

ನಿಮಗೆ ಈ ತಿಂಗಳ ಕೊನೆಯ ಭಾನುವಾರದವರೆಗೆ ಸಮಯ. ಆಮೇಲೆ ನಾನು ಬಂದು ಎದ್ದು ನಿಲ್ಲುತ್ತೇನೆ. ಈ ಸಲ ಕ್ಷಮೆ ಕೇಳಲು ಅಲ್ಲ.

21 ಮೇ

ಮಗಳೇ,

ನಾನಾಗಿಯೇ ಎದ್ದೆ ಎಂದು ಬರೆಯಬೇಕೆಂದುಕೊಂಡೆ. ಆದರೆ ಹಾಗಾಗಲಿಲ್ಲ.

ನಿನ್ನ ಚೀಟಿಯನ್ನು ಅಮ್ಮ ನೋಡಿಬಿಟ್ಟಳು. ಹಳೆಯ ಪತ್ರಗಳನ್ನೂ ತೆಗೆದು ಓದಿದಳು, ಫೆಬ್ರವರಿಯದನ್ನೂ. ಬೈಯಲಿಲ್ಲ. “ನೀವು ಹೇಳ್ತೀರೋ, ನಾನು ಹೇಳ್ಲೋ?” ಎಂದು ಮಾತ್ರ ಕೇಳಿದಳು. ನೋಡೋಣ ಎಂದೆ.

ಮೊನ್ನೆ ಭಾನುವಾರ ನಾನು ಪ್ರಾರ್ಥನೆ ನಡೆಸುತ್ತಿದ್ದೆ. ಎಲ್ಲರೂ ಕಣ್ಣು ಮುಚ್ಚಿದ್ದರು. ಟೈಲರಮ್ಮ ಎಂದಿನಂತೆ ಮುಂದೆ ಬಂದು ಮೊಣಕಾಲೂರಿದರು. ಅವರ ತಲೆಯ ಮೇಲೆ ಕೈಯಿಟ್ಟೆ. ಎದುರಿಗೆ ಅಮ್ಮ ತಲೆಯ ಬಟ್ಟೆಯ ಗಂಟು ಬಿಚ್ಚಿದಳು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಬೋಳುತಲೆಯಲ್ಲಿ ನನ್ನನ್ನೇ ನೋಡುತ್ತಾ ಕೂತಳು. ನನ್ನ ಬಾಯಿ ನಿಂತುಹೋಯಿತು. ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

ಆಮೇಲೆ ಎಲ್ಲ ಹೇಳಿದೆ. ಆಸ್ಪತ್ರೆ, ಡ್ರಿಪ್, ಸೋದರಮಾವನ ಮನೆಯ ಸುಳ್ಳು. ನಿನ್ನನ್ನು ಎದ್ದು ನಿಲ್ಲಿಸಿದ್ದು ತಪ್ಪು ಅಂತಲೂ ಹೇಳಿದೆ.

ಟೈಲರಮ್ಮ ಮೊಣಕಾಲೂರಿದಲ್ಲಿಂದಲೇ ಕೇಳಿದರು: “ನಂಗ್ಯಾಕೆ ಹೇಳ್ಲಿಲ್ಲ?”

ಅವರ ತಲೆಯ ಮೇಲಿದ್ದ ಕೈ ತೆಗೆದೆ.

ಅವರು ಎದ್ದರು. ಸಭಾಂಗಣದ ಎಂಟು ಕಿಟಕಿಗೂ ಪರದೆ ಹೊಲಿದುಕೊಟ್ಟವರು ಅವರೇ. ಕುರ್ಚಿ ಎಳೆದುಕೊಂಡು, ಹತ್ತಿ, ಒಂದೊಂದೇ ಪರದೆ ಬಿಚ್ಚಿದರು. ಮಧ್ಯೆ ಮಧ್ಯೆ ನಿಂತು ಕೆಮ್ಮಿದರು, ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ. ಎಂಟನ್ನೂ ಮಡಚಿ ತೋಳಿನ ಮೇಲೆ ಹಾಕಿಕೊಂಡು ಹೋದರು. ಒಳಗೆಲ್ಲ ಬಿಸಿಲೋ ಬಿಸಿಲು.

ಹತ್ತೊಂಬತ್ತು ಮನೆಯವರು ಬಿಟ್ಟುಹೋದರು. ಲಾರಿ ಡ್ರೈವರ್ ಹೋಗಲಿಲ್ಲ. “ಕುಡಿಯಲ್ಲ ಬಿಡಿ, ಅದೇನು ನಿಮ್ಮ ಸಲುವಾಗಿ ಬಿಟ್ಟಿದ್ದಲ್ಲ” ಅಂದ. ನನ್ನ ಮೇಲೆ ಅವನಿಗೂ ಸಿಟ್ಟಿದೆ.

ನಾನು ಇನ್ನು ಹಿರಿಯನಲ್ಲ. ಅವರು ತೆಗೆಯುವ ಮೊದಲೇ ಬಿಟ್ಟೆ. ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗಬೇಕೆಂದು ತೋಚುವುದಿಲ್ಲ. ನಿನಗೆ ಏನಾದರೂ ಸಿಕ್ಕಿತಾ? ಚಪ್ಪಲಿ ಕಾಲಿಗೆ ಹೊಂದಿತಾ? ಚುಚ್ಚಲು ಕೇಳುತ್ತಿಲ್ಲ.

ಅಪ್ಪ

10 ಜೂನ್

ಅಪ್ಪಾ,

ಟೈಲರಮ್ಮ ಗುರುವಾರ ಬಂದಿದ್ದರು, ಒಬ್ಬರೇ. ನಾನೇ ಫಿಲ್ಮ್ ತೆಗೆದೆ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ತೂತು. ಕ್ಷಯ. ಕಫದ ಪರೀಕ್ಷೆಯಲ್ಲೂ ಬಂತು. ಕನಿಷ್ಠ ಆರು ತಿಂಗಳು ಮಾತ್ರೆ. ವಾಸಿಯಾಗುತ್ತದೆ, ಆದರೆ ಹೋದ ಭಾಗ ಹೋಯಿತು. ಹನ್ನೊಂದು ತಿಂಗಳ ಹಿಂದೆ ನಾನು ಐದು ನಿಮಿಷದ ಕೆಲಸ ಎಂದಿದ್ದೆ. ಕೋಣೆಯ ಬಾಗಿಲು ಹಾಕಿಕೊಂಡು ಗೋಡೆಗೆ ಗುದ್ದಿದೆ, ಗೆಣ್ಣು ಊದಿದೆ. ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಬೇಗ ಇಳಿಯುವುದೂ ಇಲ್ಲ.

ಈಗ ಕೆಲಸದ ಮಾತು. ಇದು ಗಾಳಿಯಲ್ಲಿ ಹರಡುವ ಕಾಯಿಲೆ. ಕಿಟಕಿಗಳಿಗೆಲ್ಲ ಪರದೆ ಎಳೆದುಕೊಂಡು ಅವರ ಜೊತೆ ಕೂತವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೂವತ್ತು ಮನೆಯ ಪಟ್ಟಿ ಮಾಡು. ಬಿಟ್ಟುಹೋದ ಹತ್ತೊಂಬತ್ತು ಮನೆಗೂ ನೀನೇ ಹೋಗಬೇಕು. ಬಾಗಿಲು ಮುಖಕ್ಕೆ ಹಾಕುತ್ತಾರೆ, ಮತ್ತೆ ತಟ್ಟು. ಬೈಯುತ್ತಾರೆ, ಬೈಸಿಕೊಂಡು ಹೇಳು. ಪಟ್ಟಿಯಲ್ಲಿ ಮೊದಲು ಅಮ್ಮ, ಆಪರೇಷನ್‌ಗೂ ಮುಂಚೆ. ಡ್ರಿಪ್‌ನಿಂದ ಅವಳ ಮೈಯ ಶಕ್ತಿಯೆಲ್ಲ ಕುಗ್ಗಿದೆ, ಅಂಥವಳನ್ನು ನೀನು ವಾರವಾರ ಆ ಕೋಣೆಯಲ್ಲಿ ಕೂರಿಸಿದ್ದೀಯ.

ನೀನು ಕೇಳಿದ್ದಕ್ಕೆ ಉತ್ತರ. ಸಿಕ್ಕಿದೆ. ಫೆಬ್ರವರಿ ಕೊನೆಯಲ್ಲೇ ಸಿಕ್ಕಿತ್ತು, ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಗೆದ್ದ ಹಾಗಾಗುತ್ತಿತ್ತು. ನಾವಿಬ್ಬರೂ ಒಂದೇ ಜಾತಿಯ ಕತ್ತೆಗಳು.

ಲಾಂಡ್ರಿಯೊಂದರ ಮೇಲಿನ ಕೋಣೆ. ಕೆಳಗೆ ಮೆಷಿನ್ನುಗಳು ಗಡಗಡ ಅನ್ನುತ್ತಿರುತ್ತವೆ. ಬುಧವಾರ ಕೆಲಸ ಮುಗಿಸಿ ಆರೇಳು ಜನ ಸೇರಿ ಅರ್ಧ ಗಂಟೆ ಸುಮ್ಮನೆ ಕೂರುತ್ತೇವೆ. ಮುಂದೆ ಯಾರೂ ಇಲ್ಲ, ಫೋಟೋ ಇಲ್ಲ. ಕೊನೆಗೆ ಹೇಳುವುದಿದ್ದರೆ ಒಂದು ಮಾತು ಹೇಳಬಹುದು. ಮೊದಲ ದಿನ ನಾನು, “ನಂಗೆ ನಮ್ಮಪ್ಪನ ಮೇಲೆ ಕೊಲ್ಲೋವಷ್ಟು ಸಿಟ್ಟಿದೆ” ಅಂದೆ. ಬಿಟ್ಟುಬಿಡು, ಕ್ಷಮಿಸಿಬಿಡು ಎಂದು ಯಾರೂ ಹೇಳಲಿಲ್ಲ. ಪಕ್ಕದ ನಿವೃತ್ತ ನರ್ಸ್ ನನ್ನ ಕಾಲಿಗೆ ಜಾಗವಾಗಲೆಂದು ಕುರ್ಚಿ ಸರಿಸಿಕೊಂಡರು. ಮುಂದಿನ ವಾರವೂ ಹೋದೆ. ಅಲ್ಲಿ ಕೂತು ನಾನು ಮಾಡುವುದು ಪ್ರಾರ್ಥನೆಯೇ. ಹೆಚ್ಚಿನ ದಿನ ಅದು ಜಗಳದಂತಿರುತ್ತದೆ. ದೇವರನ್ನು ಬೈಯುತ್ತೇನೆ, ಕೇಳಿಸಿಕೊಳ್ಳುತ್ತಿದ್ದಾನೆ ಅನಿಸುತ್ತದೆ. ನಾನು ಅವನನ್ನು ಬಿಟ್ಟಿರಲೇ ಇಲ್ಲ. ಬಿಟ್ಟದ್ದು ನಿನ್ನನ್ನು.

ನಿನ್ನನ್ನು ಅಲ್ಲಿಗೆ ಈಗಲೇ ಕರೆಯುವುದಿಲ್ಲ. ನೀನು ಪಕ್ಕದಲ್ಲಿ ಕೂತರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಮೊದಲು ಮೂವತ್ತು ಮನೆ ಮುಗಿಸು. ನನ್ನನ್ನು ಕೇಳಿದರೆ ನಿನ್ನ ಭಾನುವಾರಗಳಿಗೆ ಸದ್ಯ ಅದೇ ಸಾಕು.

ಮುಂದಿನ ವಾರ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಮ್ಮನನ್ನು ಕರೆದುಕೊಂಡು ಬಾ. ಅವಳನ್ನು ಹಿಂದಿನ ಬಾಗಿಲಿಂದ ನೇರ ಒಳಗೆ ಕರೆದುಕೊಳ್ಳುತ್ತೇನೆ. ನೀನು ಮುಂದಿನ ಬಾಗಿಲಲ್ಲಿ ಚೀಟಿ ಬರೆಸಿ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲು. ಸಾಲು ಉದ್ದ ಇರುತ್ತದೆ. ನಾನು ಕರೆಯುತ್ತೇನೆ.

ನಿನ್ನ ಮಗಳು